ಸೈಕಲ್ಲಿಗೂ ಮಡಿ

“22 ಮಿಲಿಮೀಟರ್ ಬೇಕು ಕಣೋ. 22.2 ಆದ್ರೆ ನಡೆಯಲ್ಲ” ಎಂದ ವಾಸು.

“ಯಾವುದಕ್ಕೆ?” ಎಂದ ನಾಣಿ, ಒಗ್ಗರಣೆ ಅವಲಕ್ಕಿಯಲ್ಲಿ ಕಡಲೆಬೀಜ ಹುಡುಕುತ್ತಾ.

“ಹ್ಯಾಂಡಲ್ ಹಿಡಿಯೋ ಸ್ಟೆಮ್ಮಿಗೆ. ಇದು ಪ್ಯೂಜೋ ಪಿಎಕ್ಸ್-10 ರೇಸ್ ಸೈಕಲ್ಲು, 1968ರದ್ದು. ಫ್ರೆಂಚ್ ಅಳತೆ. ಹೊರಗಿನದು ಇದರೊಳಗೆ ಇಳಿಯಲ್ಲ.”

“ಉಪ್ಪುಕಾಗದ ಹಾಕಿ ಉಜ್ಜು, ಇಳಿಯುತ್ತೆ.”

ವಾಸು ಕಿವಿ ಮುಚ್ಚಿಕೊಂಡ. ಅವನಿಗೆ ಹಳೇ ಸೈಕಲ್ಲಿನ ಈ ಹುಚ್ಚು ಹಿಡಿದ ಮೇಲೆ, ಫ್ರಾನ್ಸಿನ ತುಲೂಸ್‌ನ ನಮ್ಮ ಭಾನುವಾರದ ಹರಟೆಯೂ ಅವನ ಮನೆಯ ನೆಲಮಾಳಿಗೆಗೆ ಇಳಿದಿದೆ. ವಾರವೆಲ್ಲ ವಿಮಾನದ ರೆಕ್ಕೆಯ ಲೆಕ್ಕ ಮಾಡುವ ಆಸಾಮಿ. ಅಲ್ಲಿ ಒಂದಿಷ್ಟು ಹೆಚ್ಚುಕಮ್ಮಿಗೆ ಅವಕಾಶ ಉಂಟಂತೆ. ಸೈಕಲ್ಲಿಗೆ ಇಲ್ಲ.

“ಎಲ್ಲಾ ಆ ಕಾಲದ್ದೇ ಆಗಬೇಕು” ಎಂದ. “ಸ್ಟ್ರಾಂಗ್‌ಲೈಟ್ ಕ್ರ್ಯಾಂಕು, ಮಾಫಾಕ್ ಬ್ರೇಕು, ಸಿಂಪ್ಲೆಕ್ಸ್ ಗೇರು. ಸೈಕಲ್ ರೇಸಿನ ಎಡ್ಡಿ ಮರ್ಕ್ಸ್ 1966ರಲ್ಲಿ ಮಿಲಾನ್–ಸ್ಯಾನ್ ರೆಮೋ ರೇಸ್ ಗೆದ್ದಾಗ ಇದ್ದದ್ದು ಪ್ಯೂಜೋ ತಂಡದಲ್ಲೇ, ಗೊತ್ತಾ? ಫ್ಯಾಕ್ಟರಿಯಿಂದ ಹೊರಗೆ ಬಂದ ದಿನ ಹೇಗಿತ್ತೋ, ಇದು ಹಾಗೇ ಇರಬೇಕು.”

“ಮೇಲೆ ಕೂರೋನು?”

“ಅಂದ್ರೆ?”

“1968ರಲ್ಲಿ ನೀನು ಹುಟ್ಟೇ ಇರಲಿಲ್ಲ. ಇಡೀ ಸೈಕಲ್ಲಿನಲ್ಲಿ ಆ ಕಾಲದ್ದಲ್ಲದ ಬಿಡಿಭಾಗ ಅಂದ್ರೆ ನೀನೇ.”

ಶೇಷು ಗಂಟಲು ಸರಿಮಾಡಿಕೊಂಡ. ಶೇಷುವಿಗೆ ಗೊತ್ತಿಲ್ಲದ ವಿಷಯ ಇಲ್ಲ. ನಾವು ಕೇಳಿದ ವಿಷಯ ಒಂದು ಬಿಟ್ಟು.

“ಫ್ರೆಂಚರದ್ದು ಒಂದು ವಿಶೇಷ ಇದೆ” ಎಂದ. “ಪೆಡಲ್ ಅಚ್ಚಿಗೆ ಎರಡು ಕಡೆ ಕಪ್ ಇರ್ತವಲ್ಲ, ಇಂಗ್ಲಿಷ್ ಸೈಕಲ್ಲಿನಲ್ಲಿ ಬಲಗಡೆಯದಕ್ಕೆ ಎಡಮರೆ, ಅಂದ್ರೆ ಎಡಕ್ಕೆ ತಿರುಗಿಸಿ ಬಿಗಿಯೋ ತಿರುಪು, ಕೊಟ್ಟಿರ್ತಾರೆ. ಇವರು ಎರಡಕ್ಕೂ ಬಲಮರೆ ಕೊಟ್ಟರು. ತುಳೀತಾ ತುಳೀತಾ ಬಲಗಡೆಯ ಕಪ್ ತಾನಾಗೇ ಸಡಿಲ ಆಗುತ್ತೆ.”

“ವಾಸುಗೆ ಆ ಭಯ ಇಲ್ಲ ಬಿಡು. ಇವನು ತುಳಿದರೆ ತಾನೆ?” ಎಂದ ನಾಣಿ.

ವಾಸು ಕೇಳಿಸಿಕೊಳ್ಳದವನಂತೆ ಫ್ರೇಮಿನ ಮೇಲೆ ಬೆರಳಾಡಿಸಿದ. “ರೆನಾಲ್ಡ್ಸ್ 531 ಕೊಳವೆ. ತಟ್ಟಿ ನೋಡು, ಹೇಗೆ ನಾದ ಬರುತ್ತೆ.”

“ಎಲ್ಲಿಯದು ಇದು ರೆನಾಲ್ಡ್ಸ್?”

“ಬರ್ಮಿಂಗ್‌ಹ್ಯಾಮ್.” ದನಿ ಸ್ವಲ್ಪ ತಗ್ಗಿತು.

“ಅಂದ್ರೆ ಮೂಳೆಯೆಲ್ಲಾ ಇಂಗ್ಲಿಷರದ್ದು!”

“ಅದನ್ನ ಕಂಪನಿಯವರೇ ಹಾಕಿದ್ದು. ನಡೆಯುತ್ತೆ.”

“ಹಾಗನ್ನು. ಇದು ಸೈಕಲ್ ಅಲ್ಲ, ನಮ್ಮ ದೊಡ್ಡಜ್ಜಿಯ ಮಡಿ” ಎಂದ ನಾಣಿ. “ಅವರಿಗೂ ನಲ್ಲಿ ನೀರು ಮೈಲಿಗೆ, ಬಾವಿ ನೀರೇ ಆಗಬೇಕು. ಆಮೇಲೆ ಬಾವಿಗೆ ಮೋಟರ್ ಕೂರಿಸಿ, ಅಡುಗೆಮನೆ ನಲ್ಲಿಯಲ್ಲೇ ಬಿಟ್ಟೆವು. ಅದು ಬಾವಿ ನೀರೇ ಅಂತ ತೀರ್ಮಾನ ಆಯಿತು.”

ಪೆಡಲ್ಲಿಗೆ ಹಾಕುವ ಕಾಲುಕೊಕ್ಕೆ ಕೈಗೆ ಸಿಕ್ಕಿದ್ದೇ ಶೇಷುವಿಗೆ ಮತ್ತೆ ಮೈದುಂಬಿತು. ಅದರ ಮೇಲೆ ‘ಕ್ರಿಸ್ತೋಫ್’ ಎಂದಿತ್ತು. “ಯೂಜೀನ್ ಕ್ರಿಸ್ತೋಫ್! 1913ರ ಟೂರ್ ದ ಫ್ರಾನ್ಸ್. ಇಲ್ಲೇ ನಮ್ಮ ಪಿರೆನೀಸ್ ಬೆಟ್ಟದಲ್ಲಿ, ತುರ್ಮಾಲೆ ಘಾಟಿ ಇಳಿಯುವಾಗ ಮುಂದಿನ ಫೋರ್ಕ್ ಮುರಿಯಿತು. ಅವನದೂ ಪ್ಯೂಜೋ ತಂಡವೇ. ಬೇರೆಯವರ ಸಹಾಯ ತಗೊಳ್ಳೋ ಹಾಗಿಲ್ಲ ಅಂತ ನಿಯಮ. ಸೈಕಲ್ ಹೆಗಲಿಗೆ ಹಾಕಿಕೊಂಡು ಹತ್ತು ಕಿಲೋಮೀಟರಿಗೂ ಜಾಸ್ತಿ ನಡೆದು, ಸಾಂತ್ ಮರಿ ದ ಕಂಪಾನ್ ಅನ್ನೋ ಊರಿನ ಕುಲುಮೆಯಲ್ಲಿ ತಾನೇ ಬೆಸೆದುಕೊಂಡ. ಆದರೂ ದಂಡ ಬಿತ್ತು. 10 ನಿಮಿಷ!”

“ಯಾಕಂತೆ?”

“ಒಬ್ಬ ಹುಡುಗ ತಿದಿ ಒತ್ತಿಕೊಟ್ಟ ಅಂತ. ಅದೂ ಸಹಾಯವೇ ಅಂತೆ.”

“ಪಾಪ, ಸುತ್ತಿಗೆ ಅವನ ಕೈಲಿ, ಇಕ್ಕಳ ಅವನ ಕೈಲಿ. ತಿದಿಗೆ ಮೂರನೇ ಕೈ ಎಲ್ಲಿಂದ ತರ್ತಾನೆ?” ಎಂದ ನಾಣಿ. “ಫ್ರಾನ್ಸಿನಲ್ಲಿ ಸೈಕಲ್ ರಿಪೇರಿಗೆ ದಂಡ ಕಟ್ಟೋದು ಹಳೇ ಪದ್ಧತಿ ಅಂತಾಯ್ತು. ಆದರೂ ನೋಡು, ಫ್ಯಾಕ್ಟರಿಯಿಂದ ಹೊಸ ಫೋರ್ಕ್ ಬರಲಿ ಅಂತ ಅವನು ಕೂತಿದ್ದರೆ ಇವತ್ತಿಗೂ ಅದೇ ಊರಲ್ಲಿ ಇರ್ತಿದ್ದ.”

ನಾವು ನಕ್ಕೆವು. ವಾಸು ನಗಲಿಲ್ಲ. ಅವನು ಒಂದು ರಟ್ಟಿನ ಡಬ್ಬವನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳುತ್ತಿದ್ದ.

“ಏನದು?”

“ಏನಿಲ್ಲ. ಸೈಕಲ್ ಕೊಟ್ಟ ಅಜ್ಜ ಹಾಕಿಸಿಕೊಂಡಿದ್ದ ಹಿಂದಿನ ಗೇರು. ಸನ್‌ಟೂರ್, ಜಪಾನಿಂದು. ಸಿಂಪ್ಲೆಕ್ಸ್ ಬಿಚ್ಚಿಸಿ ಇದನ್ನ ಹಾಕಿಸಿದ್ದಾರೆ ಪುಣ್ಯಾತ್ಮರು.”

“ಯಾಕಂತೆ?”

“ದೊಡ್ಡ ಹಲ್ಲಿನ ಚಕ್ರ ಬೇಕಿತ್ತಂತೆ. ಹಿಂದೆ ಮಗಳನ್ನ ಕೂರಿಸ್ಕೊಂಡು ಏರು ಹತ್ತೋಕೆ.”

ನಾಣಿ ಬಗ್ಗಿ ಸೀಟಿನ ಕೆಳಗೆ ನೋಡಿದ. ಬಿಳಿ ಬಣ್ಣದ ಕೊಳವೆಗೆ ಸುತ್ತಲೂ ಬಳೆ ತೊಡಿಸಿದಂತೆ ಬಣ್ಣ ಹೋಗಿ ಲೋಹ ಕಾಣುತ್ತಿತ್ತು. ಮಗುವಿನ ಸೀಟಿನ ಪಟ್ಟಿ ಬಿಗಿದಿದ್ದ ಜಾಗ. ಒಂದು ಅಂಚಿನಲ್ಲಿ ತೆಳ್ಳನೆಯ ರಬ್ಬರ್ ಚೂರು ಇನ್ನೂ ಅಂಟಿಕೊಂಡಿತ್ತು. ಬಣ್ಣ ಕೆಡದಿರಲಿ ಅಂತ ಯಾರೋ ಹಳೇ ಟ್ಯೂಬು ಕತ್ತರಿಸಿ ಇಟ್ಟಿದ್ದಿರಬೇಕು.

“ಇದನ್ನೂ ತೆಗೀತೀಯಾ?”

“ಮುಂದಿನ ವಾರ ಹೊಸ ಬಣ್ಣ. ಅದೇ ಬಿಳಿ, ಸೇರೋ ಕಡೆ ಕಪ್ಪು.”

“ಅಜ್ಜ ಇದನ್ನ ಮುಟ್ಟೋದಕ್ಕೆ ಮುಂಚೆ ಹೇಗಿತ್ತೋ ಹಾಗೆ.”

“ಹೂಂ” ಎಂದ ವಾಸು. ಆಮೇಲೆ ಯಾಕೋ ಒಂದು ಸ್ಪ್ಯಾನರ್ ತಗೊಂಡು ಒರೆಸಲು ಶುರು ಮಾಡಿದ. ಅದು ಮೊದಲೇ ಫಳಫಳ ಅನ್ನುತ್ತಿತ್ತು.

“ಸರಿ, ಆ ಜಪಾನಿಂದು ಏನು ಮಾಡ್ತೀಯ?” ಎಂದ ಶೇಷು.

“ಮಾರಾಟಕ್ಕೆ ಹಾಕಿದ್ದೀನಿ. ‘ಅಪರೂಪದ್ದು, ಆ ಕಾಲದ್ದೇ’ ಅಂತ ಜಾಹೀರಾತು.”

“ಬಂತಪ್ಪ! ನಿನ್ನ ಸೈಕಲ್ಲಿನಲ್ಲಿದ್ದರೆ ಮೈಲಿಗೆ, ಜಾಹೀರಾತಿನಲ್ಲಿ ಮಡಿ” ಎಂದ ನಾಣಿ. “ಎಷ್ಟಕ್ಕೆ?”

“40 ಯೂರೋ.”

“ನನಗೆ ಕೊಡು.”

“ನಿನ್ನ ಹತ್ರ ಸೈಕಲ್ಲೇ ಇಲ್ಲವಲ್ಲೋ!”

“ನಿನ್ನ ಹತ್ರ ಇದೆ, ನೀನು ತುಳೀತೀಯಾ? ಕೊಡು ಸುಮ್ನೆ.”

ವಾಸು ಯೋಚಿಸಿದ. “ನೀನು ಅಂತ 35ಕ್ಕೆ ಕೊಡ್ತೀನಿ.”

“ಅಜ್ಜನಿಗೆ ಇಡೀ ಸೈಕಲ್ಲಿಗೆ ಎಷ್ಟು ಕೊಟ್ಟೆ?”

ವಾಸು ಬಾಯಿ ಬಿಡಲಿಲ್ಲ. ಕಾಫಿ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಸರೋಜ ಅತ್ತಿಗೆಗೆ ಅಂಥ ಸಂಕೋಚ ಇರಲಿಲ್ಲ.

“50 ಕಣೋ ನಾಣಿ. ಆ ಅಜ್ಜ 60 ಅಂದಿದ್ದಕ್ಕೆ ಸಂತೆಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿದ್ರು. ಮೇಲೆ ಗಾಳಿ ಪಂಪನ್ನೂ ಪುಕ್ಕಟೆ ಇಸ್ಕೊಂಡು ಬಂದ್ರು.”