ಪದಚರ್ಚೆ: ಪೇಟೆಂಟಿನ ‘ಆಬ್ವಿಯಸ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಹುಡುಗರ ವಸ್ತುಪ್ರದರ್ಶನಕ್ಕೆ ಒಂದು ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ವಿಷಯ ಅಮೆರಿಕದ ಆಡಮ್ಸ್ ಬ್ಯಾಟರಿ. ಒಂದು ಕಡೆ ಮೆಗ್ನೀಸಿಯಂ, ಇನ್ನೊಂದು ಕಡೆ ಕ್ಯೂಪ್ರಸ್ ಕ್ಲೋರೈಡ್. ನೀರು ಹಾಕಿದರೆ ಸಾಕು, ಕರೆಂಟು. ಎರಡೂ ಹಳೇ ವಸ್ತುಗಳೇ. ಆದರೂ 1966ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ‘ಇದು ಆಬ್ವಿಯಸ್ ಅಲ್ಲ’ ಎಂದು ಪೇಟೆಂಟನ್ನು ಎತ್ತಿಹಿಡಿಯಿತು. ನಾನು ‘ಸ್ಪಷ್ಟವಾಗಿಲ್ಲ’ ಎಂದು ಬರೆದಿದ್ದೆ. ಜೊತೆಯವರು ಓದಿ, ‘ಯಾಕೆ, ಅರ್ಜಿ ಸರಿಯಾಗಿ ಬರೆದಿರಲಿಲ್ವಾ?’ ಅಂದರು. ‘ಪ್ರಯರ್ ಆರ್ಟ್’ಗೂ, ಅಂದರೆ ಆ ವಿಷಯದಲ್ಲಿ ಮೊದಲೇ ಗೊತ್ತಿದ್ದದ್ದಕ್ಕೂ, ಒಂದು ಪದ ಬೇಕು. ‘ಪೂರ್ವಕಲೆ’ ಅಂದರೆ ಬೇಲೂರು ನೆನಪಾಗುತ್ತೆ.

ಮರು:
ಯಾರಾದರೂ ‘ಸ್ವಯಂವೇದ್ಯ’ ಅನ್ನುವ ಮೊದಲೇ ಹೇಳಿಬಿಡುತ್ತೇನೆ. ‘ತಾನೇ ಹೊಳೆಯುವ’. ಹಳಗನ್ನಡದ ‘ಪೊಳೆ’, ಅಚ್ಚಕನ್ನಡ. ನದಿಯ ಹೊಳೆಗೂ ಇದಕ್ಕೂ ಗಂಟು ಹಾಕಬೇಡಿ. ಇನ್ನೊಂದಕ್ಕೆ ‘ಮುನ್ನರಿವು’. ಮುಗೀತು.

ಮರು: ಮರು:
ಮುಗಿದಿಲ್ಲ. ಫಕ್ಕನೆ ಹೊಳೆಯುವುದು ಹೊಸದನ್ನು ಕಂಡುಹಿಡಿದವನಿಗೆ! 1941ರಲ್ಲಿ ಅದೇ ಕೋರ್ಟು, ಪೇಟೆಂಟು ಬೇಕಾದರೆ ಪ್ರತಿಭೆಯ ಮಿಂಚು ಕಾಣಬೇಕು ಎಂದಿತ್ತು. 1952ರ ಕಾಯಿದೆ ಅದನ್ನು ಕೈಬಿಟ್ಟು, ಆ ಕಸುಬು ಬಲ್ಲ ಸಾಮಾನ್ಯನಿಗೆ ಇದು ತೋಚುತ್ತಿತ್ತೇ ಎಂದು ಕೇಳಿತು. ನಿಮ್ಮ ಪದ ಎಲ್ಲವನ್ನೂ ತಲೆಕೆಳಗು ಮಾಡುತ್ತೆ. ‘ಮುನ್ನರಿವು’ ಜ್ಯೋತಿಷಿಗಳಿಗೆ ಇರಲಿ.

‘ತೋಚು’ ಸಾಕು. ಮರದ, ಲೋಹದ ಬಾಗಿಲ ಹಿಡಿ ಮೊದಲೇ ಇತ್ತು. ಒಬ್ಬರು ಅದನ್ನೇ ಜೇಡಿಮಣ್ಣಿನಲ್ಲಿ ಮಾಡಿದರು. 1851ರಲ್ಲಿ ಕೋರ್ಟು, ಇದು ನುರಿತ ಕೆಲಸಗಾರನ ಕೆಲಸ ಅಷ್ಟೇ ಎಂದಿತು. ಅದು ತೋಚುವಂಥದ್ದು. ಆಡಮ್ಸ್ ಬ್ಯಾಟರಿಯದು ಬೇರೆ ಕತೆ. ಆಗ ಗೊತ್ತಿದ್ದದ್ದೆಲ್ಲ ಈ ಜೋಡಿಯ ಸಹವಾಸ ಬೇಡ ಅನ್ನುವಂತಿತ್ತು. ಸೈನ್ಯದ ತಜ್ಞರೇ ಮೊದಲು ನಂಬಲಿಲ್ಲ.

ಮರು: ಮರು: ಮರು:
‘ಕಸುಬು’ ಅರಬ್ಬಿ ಮಾಲು. ಕನ್ನಡದ ಪದ ತಿದ್ದಲು ಬಂದವರು ಮೊದಲು ಅದನ್ನು ನೋಡಿಕೊಳ್ಳಲಿ.

ಮರು: ಮರು: ಮರು: ಮರು:
‘ಪೇಟೆಂಟು’ ಹಾಗೇ ಇರಬಹುದು, ‘ಕೋರ್ಟು’ ಇರಬಹುದು, ಬಡಗಿ ನೇಕಾರರ ಬಾಯಲ್ಲಿರುವ ಕಸುಬು ಮಾತ್ರ ಕಣ್ಣಿಗೆ ಚುಚ್ಚಿತಾ? ಫಲಕ ಬರೆಯುವವರೇ, ‘ಕಸುಬು ಬಲ್ಲವರು’ ಎಂದೇ ಹಾಕಿ. ಚಿಕ್ಕದಾಗಲಿ ಅಂತ ‘ಕಸುಬಿ’ ಮಾಡಬೇಡಿ, ಅರ್ಥ ಎಲ್ಲಿಗೋ ಹೋಗುತ್ತೆ.

ಮರು: ಮೊದಲ ಪ್ರಶ್ನೆ
ಥ್ಯಾಂಕ್ಸ್. ಹೀಗೆ ಬರೆದೆ: ‘ಎರಡೂ ಆಗಲೇ ಗೊತ್ತಿದ್ದ ವಸ್ತು. ಆದರೆ ಅವನ್ನು ಹೀಗೆ ಜೋಡಿಸುವುದು ಕಸುಬು ಬಲ್ಲವರಿಗೂ ತೋಚಿರಲಿಲ್ಲ.’ ಸರಿ ಅಲ್ವಾ?

ಮರು: ಮರು:
ಅಲ್ಲ. ‘ತೋಚಿರಲಿಲ್ಲ’ ಅಂದರೆ ಬರೀ ಹೊಸದು ಅಂದಂತೆ. ಜೇಡಿಮಣ್ಣಿನ ಹಿಡಿಯನ್ನೂ ಹಾಗೆ ಅನ್ನಬಹುದಲ್ಲ. ‘ತೋಚುವಂಥದ್ದಲ್ಲ’ ಎಂದು ತಿದ್ದಿ, ಆಮೇಲೆ ಪ್ರಿಂಟಿಗೆ ಕಳಿಸಿ.