ಹಾಸ್ಟೆಲ್ ಮಗು ರಾತ್ರಿ ಬಂದು ದೌರ್ಜನ್ಯದ ವಿಷಯ ಹೇಳಿದರೆ ಮೇಲ್ವಿಚಾರಕಿ ಏನು ಮಾಡಬೇಕು?

ಹಾಸ್ಟೆಲ್ ಉಡುಪಿ:
ಹೊಸದಾಗಿ ಸೇರುವ ಮೇಲ್ವಿಚಾರಕಿಯರಿಗೆ ಒಂದು ಪುಟದ ಸೂಚನೆ ತಯಾರು ಮಾಡಬೇಕು. ನಮ್ಮಲ್ಲಿ ಮಲ್ಪೆ ಬಂದರಿಗೆ ದುಡಿಯಲಿಕ್ಕೆ ಬಂದ ಕೊಪ್ಪಳ, ಬಾಗಲಕೋಟೆ ಕಡೆಯವರ ಮಕ್ಕಳೂ ಇದ್ದಾರೆ. ರಜೆಯಲ್ಲಿ ಊರಿಗೆ ಹೋದಾಗ ಸಂಬಂಧಿಕನೊಬ್ಬ ಕೆಟ್ಟದಾಗಿ ಮೈ ಮುಟ್ಟಿದ ಅಂತ 13 ವರ್ಷದ ಹುಡುಗಿ ಹೇಳಿದಳು ಅಂತ ಇಟ್ಟುಕೊಳ್ಳಿ. ಆಡಳಿತ ಮಂಡಳಿಗೆ ತಿಳಿಸಿದರೆ ಸಾಕಾ? ಮಗು ಹೇಳಿದ್ದನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಬಹುದಾ? ನಡೆದದ್ದು ಬೇರೆ ಜಿಲ್ಲೆಯಲ್ಲಿ, ಇಲ್ಲಿನ ಠಾಣೆಯವರು ದೂರು ತೆಗೆದುಕೊಳ್ಳುತ್ತಾರಾ?

ವಕೀಲರು ಕದ್ರಿ:
ಸಾಕಾಗುವುದಿಲ್ಲ ಮೇಡಂ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದವರೇ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಬೇಕು. ಮಂಡಳಿಗೆ ಹೇಳಿ ಕೈತೊಳೆದುಕೊಳ್ಳಲಿಕ್ಕೆ ಬರುವುದಿಲ್ಲ. ತಿಳಿಸದಿದ್ದರೆ 21ನೇ ಕಲಂ ಅಡಿ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ತಿಳಿಸದೆ ಇದ್ದರೆ 1 ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬೀಳುವುದಿಲ್ಲ, ಇದನ್ನು ನಿಮ್ಮ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿ. ಹೆದರಿಕೆಯಿಂದಲೇ ಹೆಚ್ಚಿನವರು ಬಾಯಿ ಮುಚ್ಚಿಕೊಳ್ಳುವುದು.

ಹಳೆಯ ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿ ಉಂಟು. ಅದರ 173ನೇ ಕಲಂ ಪ್ರಕಾರ ಕೃತ್ಯ ಎಲ್ಲೇ ನಡೆದಿರಲಿ, ಮಲ್ಪೆ ಠಾಣೆಯವರೂ ಮಾಹಿತಿ ತೆಗೆದುಕೊಳ್ಳಬೇಕು. "ಕೊಪ್ಪಳಕ್ಕೆ ಹೋಗಿ" ಅಂದರೆ ಆ ಕಲಂ ತೋರಿಸಿ. ಬರೆದುಕೊಂಡದ್ದನ್ನು ನಿಮಗೆ ಓದಿ ಹೇಳಬೇಕು, ನಮೂದು ಸಂಖ್ಯೆ ಹಾಕಬೇಕು. ಆ ಸಂಖ್ಯೆ ತೆಗೆದುಕೊಳ್ಳದೆ ಏಳಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದ್ದರೂ ಠಾಣೆಗೆ ಬರವಣಿಗೆಯಲ್ಲಿ ಕೊಡುವುದು ಒಳ್ಳೆಯದು.

ಮಗುವನ್ನು ಠಾಣೆಗೆ ಕರೆದೊಯ್ಯುವ ಅಗತ್ಯವಿಲ್ಲ. ಹೇಳಿಕೆಯನ್ನು ಮಗು ಇರುವಲ್ಲಿಗೇ ಬಂದು, ಸಾಧ್ಯವಾದ ಮಟ್ಟಿಗೆ ಮಹಿಳಾ ಪಿಎಸ್‌ಐ ಬರೆದುಕೊಳ್ಳಬೇಕು, ಸಮವಸ್ತ್ರ ಇರಕೂಡದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವ ಹಾಗಿಲ್ಲ.

ಆಪ್ತಸಮಾಲೋಚಕಿ ಕುಡ್ಲ:
ರೆಕಾರ್ಡಿಂಗ್ ಬೇಡವೇ ಬೇಡ ಅಕ್ಕ. ಫೋನಿನಲ್ಲಿದ್ದದ್ದು ಎಲ್ಲಿಗೆ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ, ಮಗುವಿನ ಗುರುತು ಹೊರಬಿದ್ದರೆ ಅದೇ ಬೇರೆ ಕೇಸು. ಇನ್ನೊಂದು ತೊಂದರೆ: ರೆಕಾರ್ಡ್ ಮಾಡಲು ಕೂತವರು ಪ್ರಶ್ನೆ ಕೇಳಲು ಶುರುಮಾಡುತ್ತಾರೆ. ಮೇಲ್ವಿಚಾರಕಿ, ವಾರ್ಡನ್, ಕಾರ್ಯದರ್ಶಿ ಒಬ್ಬೊಬ್ಬರಾಗಿ ಕೇಳಿದರೆ ಮಗುವಿನ ಮಾತು ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಕೋರ್ಟಿನ ಪಾಟೀಸವಾಲಿನಲ್ಲಿ ಆರೋಪಿಯ ವಕೀಲರು ಹಿಡಿಯುವುದು ಅದನ್ನೇ.

ಕೇಳಬೇಕಾದದ್ದು ಎರಡೇ: "ಈಗ ಎಲ್ಲಾದರೂ ನೋವು ಉಂಟಾ? ಅವನು ಇಲ್ಲಿಗೆ ಬರುವ ಹೆದರಿಕೆ ಉಂಟಾ?" ಉಳಿದದ್ದನ್ನು ಅವಳಾಗಿಯೇ ಹೇಳಿದಷ್ಟು ಕೇಳಿಸಿಕೊಳ್ಳಿ. "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ, ಬೆಳಗಾದರೆ ಅದು ಸುಳ್ಳಾಗುತ್ತದೆ, ಮಗು ಮತ್ತೆ ನಂಬುವುದಿಲ್ಲ.

ಅದೇ ರಾತ್ರಿ ತಾರೀಕು, ಗಂಟೆ, ಕೋಣೆಯಲ್ಲಿ ಯಾರಿದ್ದರು, ಎಲ್ಲವನ್ನೂ ಬರೆದಿಡಿ. "ಲೈಂಗಿಕ ದೌರ್ಜನ್ಯವಾಗಿದೆ ಎಂದು ತಿಳಿಸಿದಳು" ಅಂತಲ್ಲ. "ಮಾವ ಅಂಗಿ ಒಳಗೆ ಕೈ ಹಾಕ್ದ" ಅಂದಿದ್ದರೆ ಅಷ್ಟೇ. ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಿದರೆ ಅದೇ ಮಾತು, ಕನ್ನಡ ಅಕ್ಷರದಲ್ಲಿ. ಕೆಳಗೆ ಸಹಿ.

ಘಟನೆ ಒಂದೆರಡು ದಿನದ್ದಾದರೆ ಸ್ನಾನ ಮಾಡಿಸಬೇಡಿ. ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿ ಇಡಿ, ಪ್ಲಾಸ್ಟಿಕ್‌ನಲ್ಲಿ ಬೆವತು ಹಾಳಾಗುತ್ತದೆ.

ಹಾಸ್ಟೆಲ್ ಉಡುಪಿ:
ತುಂಬಾ ಉಪಕಾರ. ತಂದೆ ತಾಯಿ "ಕೇಸು ಬೇಡ, ಮರ್ಯಾದೆ ಪ್ರಶ್ನೆ" ಅಂದರೆ?

ಮಕ್ಕಳ ರಕ್ಷಣೆ ಮಂಗಳೂರು:
ಪೊಲೀಸರಿಗೆ ತಿಳಿಸಲು ಅವರ ಒಪ್ಪಿಗೆ ಬೇಕಿಲ್ಲ. ವೈದ್ಯಕೀಯ ಪರೀಕ್ಷೆಗೆ ಒಪ್ಪಿಗೆ ಬೇಕು, ಹುಡುಗಿಯನ್ನು ವೈದ್ಯೆಯೇ ಪರೀಕ್ಷಿಸಬೇಕು. ತುರ್ತು ಚಿಕಿತ್ಸೆಗೆ ಆಸ್ಪತ್ರೆಯವರು "ಮೊದಲು ಪೊಲೀಸರ ಪತ್ರ ತನ್ನಿ" ಅನ್ನುವ ಹಾಗಿಲ್ಲ.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಆರೋಪಿ ಅದೇ ಮನೆಯವನಾದರೆ, ಅಥವಾ ಹೆತ್ತವರ ಆಸರೆ ಇಲ್ಲದಿದ್ದರೆ, ಮಗುವನ್ನೇ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಯಿಂದ ಹೊರಗೆ ಇರಿಸಬೇಕೋ ಎಂದು ಸಮಿತಿ 3 ದಿನದಲ್ಲಿ ತೀರ್ಮಾನಿಸುತ್ತದೆ. ಹಾಗಾಗಿ ಆರೋಪಿ ಮನೆಯವನಾಗಿದ್ದರೆ ಠಾಣೆಗಿಂತ ಮೊದಲು ಮನೆಗೆ ಫೋನ್ ಹೋಗಕೂಡದು. ಮಗುವನ್ನು ರಾತ್ರೋರಾತ್ರಿ ಊರಿಗೆ ಕರೆದುಕೊಂಡು ಹೋದರೆ ನಂತರ ಮಾತಾಡಿಸಲಿಕ್ಕೂ ಸಿಗುವುದಿಲ್ಲ.

ಸಮಿತಿಯಲ್ಲಿ ಎರಡು ವಿಷಯ ನೀವೇ ಕೇಳಿ. ಒಂದು, ಬೆಂಬಲ ವ್ಯಕ್ತಿ. ವಿಚಾರಣೆ ಮುಗಿಯುವ ತನಕ ಮಗುವಿನ ಜೊತೆ ನಿಂತು, ಕೇಸು ಎಲ್ಲಿಗೆ ಬಂತು ಅಂತ ತಿಳಿಸಿ, ಸಮಿತಿಗೆ ತಿಂಗಳು ತಿಂಗಳು ವರದಿ ಕೊಡುವವರು. ಮೇಲ್ವಿಚಾರಕಿಯನ್ನೇ ನೇಮಿಸುವುದು ಬೇಡ, ಅವರು ಸಾಕ್ಷಿಯಾಗಿ ಬರಬೇಕಾದೀತು. ಇನ್ನೊಂದು, 2020ರ ಪೋಕ್ಸೊ ನಿಯಮಗಳ 8ನೇ ನಿಯಮದ ವಿಶೇಷ ಪರಿಹಾರ: ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ. ಸಮಿತಿ ಶಿಫಾರಸು ತಲುಪಿದ ಒಂದು ವಾರದಲ್ಲಿ ಹಣ ಬರಬೇಕು. ದಿನಗೂಲಿಯ ತಾಯಿ ಕೆಲಸ ಬಿಟ್ಟು ಕೋರ್ಟಿಗೆ ಬರುವಾಗ ಬಸ್ಸಿನ ದುಡ್ಡೇ ದೊಡ್ಡದು, ಮೊದಲ ದಿನವೇ ಅರ್ಜಿ ಕೊಡಿ.