87ರ ಟೊಯೋಟಾ ಪಿಕಪ್‌ಗೆ ಸಾಲಿಡ್ ಆಕ್ಸಲ್: ಎಂಜಿನ್ನನ್ನೂ ಜೊತೆಗೇ ಬದಲಾಯಿಸಲಾ?

ತೋಟದ_ಜೀಪ್ (ಸ್ಯಾಕ್ರಮೆಂಟೊ)

ಎಲ್ಲರಿಗೂ ನಮಸ್ಕಾರ. ನನ್ನದು 1987ರ ಟೊಯೋಟಾ ಫೋರ್ ಬೈ ಫೋರ್ ಪಿಕಪ್. 22ಆರ್‌ಇ ಅನ್ನುವ ನಾಲ್ಕು ಸಿಲಿಂಡರ್ ಎಂಜಿನ್, ಐದು ಗೇರಿನ ಮ್ಯಾನ್ಯುಯಲ್, 2.4 ಲಕ್ಷ ಮೈಲಿ ಓಡಿದೆ. ಮುಂದಿನ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರವೂ ಬೇರೆ ಬೇರೆಯಾಗಿ ಆಡುವುದು) ಕತ್ತರಿಸಿ ತೆಗೆದು ಸಾಲಿಡ್ ಆಕ್ಸಲ್ (ಎರಡೂ ಚಕ್ರವನ್ನು ಸೇರಿಸುವ ಒಂದೇ ಗಟ್ಟಿ ಅಚ್ಚು) ಹಾಕಬೇಕು ಅಂತಿದ್ದೇನೆ.

ಮೂಡಿಗೆರೆಯಲ್ಲಿ ಅಪ್ಪನ ಜೀಪಲ್ಲಿ ಕೂತು ಬೆಳೆದವನು ನಾನು. ಅದಕ್ಕೆ ಮುಂದೆಯೂ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಹೌಸಿಂಗ್ (ಆಕ್ಸಲ್‌ನ ಹೊರಕವಚ), ಎರಡೂ ಕಡೆ ಲೀಫ್ ಸ್ಪ್ರಿಂಗ್. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದು ನೆಲಕ್ಕೆ ಒತ್ತಿಕೊಳ್ಳುತ್ತಿತ್ತು. ಹೋದ ಆಗಸ್ಟ್‌ನಲ್ಲಿ ರುಬಿಕಾನ್ ಟ್ರೇಲ್ ಅನ್ನುವ ಕಲ್ಲುಬಂಡೆ ದಾರಿಗೆ ಹೋಗಿದ್ದಾಗ ಈ ಪಿಕಪ್‌ನ ಎಡಗಡೆ ಚಕ್ರ ಒಂದಡಿ ಮೇಲೆ ಗಾಳಿಯಲ್ಲಿ ನಿಂತು ಸುಮ್ನೆ ತಿರುಗುತ್ತಿತ್ತು. ಬಗ್ಗಿ ನೋಡಿದರೆ ಸಿವಿ ಬೂಟ್ (ಚಕ್ರದ ಕಡೆಯ ಕೀಲಿನ ರಬ್ಬರ್ ಚೀಲ) ಹರಿದು ಗ್ರೀಸೆಲ್ಲ ಕಲ್ಲಿನ ಮೇಲೆ.

1985ರ ಪಿಕಪ್‌ನ ಮುಂದಿನ ಆಕ್ಸಲ್ ಒಂದನ್ನು ನೋಡಿಟ್ಟಿದ್ದೇನೆ. 35 ಇಂಚಿನ ಟೈರ್ ಹಾಕುವ ಆಸೆ. ಹೇಗೂ ಗಾಡಿ ಬಿಚ್ಚುತ್ತೇನಲ್ಲ, ಜೊತೆಗೇ 3.4 ಲೀಟರ್ ವಿ-6 ಎಂಜಿನ್ ಕೂರಿಸಿಬಿಡಲಾ? ಇಲ್ಲಾ ಇರುವ ನಾಲ್ಕು ಸಿಲಿಂಡರೇ ಸಾಕಾ? ವೆಲ್ಡಿಂಗ್ ಬರುತ್ತದೆ. ಇರುವುದು ಒಂದು ಕಾರು ಹಿಡಿಸುವ ಗ್ಯಾರೇಜ್, ಸಿಗುವುದು ಶನಿವಾರ, ಭಾನುವಾರ.

ಲೀಫ್_ಸ್ಪ್ರಿಂಗ್

ಇದೇ ಕೆಲಸ ನನ್ನ 88ರ ಗಾಡಿಗೆ ಮಾಡಿದ್ದೇನೆ. ಎರಡನ್ನೂ ಒಟ್ಟಿಗೆ ಬಿಚ್ಚಬೇಡಿ. ನಾನು ಬಿಚ್ಚಿದೆ, ಗಾಡಿ ಹದಿನಾಲ್ಕು ತಿಂಗಳು ಸ್ಟ್ಯಾಂಡ್ ಮೇಲೇ ಇತ್ತು. ಮೊದಲು ಆಕ್ಸಲ್ ಮುಗಿಸಿ.

ಆಕ್ಸಲ್‌ಗೆ ದುಡ್ಡು ಕೊಡುವ ಮುಂಚೆ ನಕಲ್‌ಗೆ (ಚಕ್ರ ತಿರುಗಿಸುವ, ಆಕ್ಸಲ್ ತುದಿಯ ಕೀಲು) ಗ್ರೀಸ್ ತುಂಬುವ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡಿ. ಗ್ರೀಸ್ ಗಟ್ಟಿ ಇದ್ದರೆ ಸರಿ. ಕಪ್ಪಗೆ, ಸಾರಿನ ಹಾಗೆ ತೆಳ್ಳಗಿದ್ದರೆ ಒಳಗಿನ ಸೀಲ್ ಹೋಗಿ ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರ್) ಆಯಿಲ್ ಬಂದು ಸೇರಿದೆ ಅಂತ ಅರ್ಥ. ಹಾಗಿದ್ದರೂ ಬಿಡಬೇಡಿ, ಬೆಲೆ ಇಳಿಸಿ ಕೇಳಿ. ಎರಡೂ ಕಡೆ ಸೀಲ್, ಬೇರಿಂಗ್ ಹೊಸದು ಹಾಕಿದರಾಯಿತು.

ನಿಮ್ಮ ಗಾಡಿಯ ಹಿಂಬದಿಯ ಆಕ್ಸಲ್ ಈ 85ರ ಆಕ್ಸಲ್‌ಗಿಂತ ಸುಮಾರು 3 ಇಂಚು ಅಗಲ. ಮುಂದೆ ಎರಡೂ ಕಡೆ ಒಂದೂವರೆ ಇಂಚಿನ ಸ್ಪೇಸರ್ (ಚಕ್ರವನ್ನು ಹೊರಕ್ಕೆ ತಳ್ಳುವ ಬಿಲ್ಲೆ) ಹಾಕಿದರೆ ಸಮ ಆಗುತ್ತದೆ. ನಿಮ್ಮ ಸ್ಟೀರಿಂಗ್ ಬಾಕ್ಸ್ ಬಿಸಾಡಬೇಡಿ. 85ರ ಗಾಡಿಯದು ರಾಡನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ, ಸ್ಪ್ರಿಂಗ್ ಕುಣಿದಾಗೆಲ್ಲ ಸ್ಟೀರಿಂಗ್ ಎಳೆಯುತ್ತದೆ. ನಿಮ್ಮದು ಅಡ್ಡಕ್ಕೆ ಆಡುತ್ತದೆ. ನಕಲ್ ಮೇಲೆ ಹೈ-ಸ್ಟಿಯರ್ ಆರ್ಮ್ (ಸ್ಟೀರಿಂಗ್ ರಾಡನ್ನು ಎತ್ತರದಲ್ಲಿ ಜೋಡಿಸುವ ತೋಳು) ಹಾಕಿಕೊಂಡರೆ ಅದೇ ಬಾಕ್ಸ್ ಸಾಕು.

ಫ್ರೇಮಿಗೆ ಸ್ಪ್ರಿಂಗ್ ಹ್ಯಾಂಗರ್‌ಗಳನ್ನು ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕಿ ವೆಲ್ಡ್) ಮಾತ್ರ ಮಾಡಿ. ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಇಳಿಸಿ, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಕೀಲು ವಾಲಿರುವ ಕೋನ) ಅಳೆದು, ಆಮೇಲೆ ಪೂರ್ತಿ ವೆಲ್ಡ್ ಮಾಡಿ. ನಾನು ಆತುರಪಟ್ಟೆ. 55 ಮೈಲಿ ವೇಗಕ್ಕೇ ಗಾಡಿ ರಸ್ತೆ ತುಂಬ ಅಲೆದಾಡುತ್ತಿತ್ತು. ಕೊನೆಗೆ ಶಿಮ್ (ಓರೆ ಬಿಲ್ಲೆ) ಹಾಕಿ ಸರಿ ಮಾಡಿಕೊಂಡೆ.

ಎಂಜಿನ್_ಕೆಲಸ (ಸ್ಯಾನ್ ಹೋಸೆ)

ಸರ್, ನೀವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಇಲ್ಲಿ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಇದೆಯಲ್ವಾ. ಹಾಕುವ ಎಂಜಿನ್ ಗಾಡಿಯ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. 3.4 ವಿ-6 ಬಂದಿದ್ದೇ 90ರ ದಶಕದಲ್ಲಿ, ಹಾಗಾಗಿ ವರ್ಷದ ತೊಂದರೆ ಇಲ್ಲ. ಆದರೆ ಆ ಎಂಜಿನ್ ಜೊತೆ ಬಂದ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಕಂಪ್ಯೂಟರ್ ಎಲ್ಲವೂ ಬರಬೇಕು. ಆಮೇಲೆ ಸ್ಮಾಗ್ ರೆಫ್ರಿ (ಬದಲಾಯಿಸಿದ ಎಂಜಿನ್ ಪರಿಶೀಲಿಸುವವರು) ನೋಡಿ ಒಪ್ಪಬೇಕು. ಅದಕ್ಕೇ ಬರೀ ಎಂಜಿನ್ ಕೊಳ್ಳಬೇಡಿ, ಇಡೀ ಗಾಡಿಯನ್ನೇ ಕೊಂಡು ಬಿಚ್ಚಿಕೊಳ್ಳಿ.

183 ಕುದುರೆ ಶಕ್ತಿ ಚೆನ್ನಾಗೇ ಇರುತ್ತದೆ. ಆದರೆ ಕಲ್ಲು ಹತ್ತುವಾಗ ಬೇಕಿರುವುದು ಗೇರ್. ನಿಮ್ಮ ಆಕ್ಸಲ್‌ನ ಗೇರ್ ಅನುಪಾತ 4.10 ಇದ್ದು ಕಂಪನಿ ಟೈರ್ 28.5 ಇಂಚು ಅಂತ ಹಿಡಿದರೆ, 35 ಇಂಚಿಗೆ ಹಳೇ ಎಳೆತ ಬರಲು 5.04 ಬೇಕು. ಟೈರಿನ ತೂಕವೂ ಜಾಸ್ತಿ, ಹಾಗಾಗಿ 5.29 ಹಾಕಿ. ಹಿಂದೆ ಮುಂದೆ ಎರಡಕ್ಕೂ ಒಂದೇ ಇರಬೇಕು.

ಇದೆಲ್ಲಕ್ಕಿಂತ ಮೊದಲು ವಾಲ್ವ್ ಕವರ್ ತೆಗೆದು ಟೈಮಿಂಗ್ ಚೈನ್ ನೋಡಿ. 22ಆರ್‌ಇ ಎಂಜಿನ್‌ನಲ್ಲಿ ಚೈನ್ ದಾರಿ ತಪ್ಪದಂತೆ ಹಿಡಿಯುವ ಪ್ಲಾಸ್ಟಿಕ್ ಗೈಡ್ ವಯಸ್ಸಾಗಿ ಮುರಿಯುತ್ತದೆ. ಆಮೇಲೆ ಚೈನ್ ತನ್ನ ಮುಂದಿರುವ ಅಲ್ಯೂಮಿನಿಯಂ ಟೈಮಿಂಗ್ ಕವರನ್ನೇ ಉಜ್ಜುತ್ತದೆ. ಕವರ್ ತೂತಾದರೆ ಕೂಲಂಟ್ ಆಯಿಲ್‌ಗೆ ಸೇರಿ ಬೇರಿಂಗ್ ಎಲ್ಲ ಹೋಗುತ್ತವೆ.

ಲೀಫ್_ಸ್ಪ್ರಿಂಗ್

ಇನ್ನೊಂದು ಮಾತು. ವಿ-6 ಮುಂದೆ ಯಾವಾಗಲೋ ಹಾಕುವುದಾದರೂ ಅದನ್ನು ಈಗಲೇ ತೀರ್ಮಾನಿಸಿ. ಅದು ಜಾಸ್ತಿ ಭಾರ, ಸ್ಪ್ರಿಂಗ್ ಅದಕ್ಕೆ ತಕ್ಕ ಹಾಗೆ ತರಿಸಬೇಕು. ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಹೌಸಿಂಗ್ ಆಯಿಲ್ ಪ್ಯಾನ್‌ಗೆ ಬಡಿಯದ ಹಾಗೆ ಬಂಪ್ ಸ್ಟಾಪ್ (ಆಕ್ಸಲ್ ಅತಿ ಮೇಲೇರದಂತೆ ತಡೆಯುವ ತುಂಡು) ಎತ್ತರವನ್ನೂ ಆಗಲೇ ನೋಡಿಕೊಳ್ಳಬೇಕು.

ತೋಟದ_ಜೀಪ್ (ಸ್ಯಾಕ್ರಮೆಂಟೊ)

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಶನಿವಾರ ವಾಲ್ವ್ ಕವರ್ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಡ್ರೈವರ್ ಕಡೆ ಗೈಡ್ ಅರ್ಧಕ್ಕೇ ಮುರಿದಿದೆ. ಟೈಮಿಂಗ್ ಕವರಿನ ಒಳಗೋಡೆಯಲ್ಲಿ ಚೈನ್ ಉಜ್ಜಿದ ಗೆರೆ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಉಗುರು ಇಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ. ಪುಣ್ಯಕ್ಕೆ ತೂತಾಗಿಲ್ಲ, ಆಯಿಲ್ ಚೆನ್ನಾಗಿದೆ.

22ಆರ್‌ಇಯನ್ನೇ ಇಟ್ಟುಕೊಳ್ಳುತ್ತೇನೆ, ವಿ-6 ಬೇಡ. ಮೊದಲು ಹೊಸ ಚೈನ್, ಲೋಹದ ಗೈಡ್, ಕವರ್. ಆಮೇಲೆ ಆಕ್ಸಲ್, 5.29 ಗೇರ್. ಸ್ಪ್ರಿಂಗ್ ನಾಲ್ಕು ಸಿಲಿಂಡರ್ ಭಾರಕ್ಕೇ ತರಿಸುತ್ತೇನೆ.

ಭಾನುವಾರ ಆಕ್ಸಲ್ ನೋಡಲು ಹೋಗಿದ್ದೆ. ಬಲಗಡೆ ನಕಲ್‌ನಲ್ಲಿ ಗ್ರೀಸ್ ಗಟ್ಟಿ ಇತ್ತು, ಎಡಗಡೆ ತೆಳ್ಳಗೆ ಸಾರು. ಬೆರಳು ತೋರಿಸಿದೆ, 150 ಡಾಲರ್ ಇಳಿಸಿದರು. ಈಗ ಗ್ಯಾರೇಜಿನಲ್ಲಿ ಎರಡು ಮರದ ದಿಮ್ಮಿ ಮೇಲೆ ಮಲಗಿದೆ.